ಸಣ್ಣ ಟ್ರಸ್ಟ್ ನಡೆಸುವವರು ಅಂತರ್ಜಾಲದಲ್ಲಿ ಮೊದಲು ಏನನ್ನು ಓದಬೇಕು?

ತಾಲ್ಲೂಕು ಕೇಂದ್ರವೊಂದರಲ್ಲಿ ಗೆಳೆಯರೊಡನೆ ಸೇರಿ ಮಕ್ಕಳಿಗೆ ಸಂಜೆ ಪಾಠ ಮತ್ತು ಪುಟ್ಟ ಗ್ರಂಥಾಲಯ ನಡೆಸುವ ಸಲುವಾಗಿ ಟ್ರಸ್ಟ್ ನೋಂದಾಯಿಸಿದ್ದೀರಿ. ಕಾನೂನಿನ ಬದಲಾವಣೆ, ಅನುದಾನದ ಸುದ್ದಿ, ಸ್ವಯಂಸೇವಕರಿಗೆ ಬೇಕಾಗುವ ಸಾಮಗ್ರಿ ಇವೆಲ್ಲ ಅಂತರ್ಜಾಲದಲ್ಲಿ ಎಲ್ಲಿ ಸಿಗುತ್ತವೆ, ಅವುಗಳಲ್ಲಿ ಕನ್ನಡದಲ್ಲಿ ಏನಿದೆ ಎಂದು ಕೇಳಿದ್ದೀರಿ. ಇಂಥದ್ದೇ ಸಣ್ಣ ಟ್ರಸ್ಟ್ ಒಂದರ ಲೆಕ್ಕ ಮತ್ತು ಕಾಗದಪತ್ರಗಳನ್ನು ನೋಡಿಕೊಳ್ಳುವವನಾಗಿ ನನ್ನ ಉತ್ತರ ಇಷ್ಟು: ಅನುದಾನದ ಸುದ್ದಿಯನ್ನು ಕೊನೆಗಿಡಿ, ಇಲಾಖೆಗಳ ಮೂಲ ಜಾಲತಾಣಗಳನ್ನು ಮೊದಲಿಗಿಡಿ. ಸಣ್ಣ ಸಂಸ್ಥೆಗಳಿಗೆ ಅನುದಾನ ಸಿಗದೆ ಆಗುವ ತೊಂದರೆಗಿಂತ ಗಡುವು ತಪ್ಪಿ ಆಗುವ ತೊಂದರೆಯೇ ಹೆಚ್ಚು ಎಂಬುದು ನಾನು ಕಂಡುಕೊಂಡಿರುವ ಸಂಗತಿ.

ಆದಾಯ ತೆರಿಗೆಯ ವಿಷಯವನ್ನೇ ತೆಗೆದುಕೊಳ್ಳಿ. 1961ರ ಆದಾಯ ತೆರಿಗೆ ಕಾಯ್ದೆಯ 12ಎ ಕಲಮಿನ ನೋಂದಣಿ ಇದ್ದರೆ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ, 80ಜಿ ಕಲಮಿನ ಅನುಮೋದನೆ ಇದ್ದರೆ ದಾನಿಗಳಿಗೆ ತೆರಿಗೆ ರಿಯಾಯಿತಿ ಎಂಬುದು ಎಲ್ಲರಿಗೂ ಗೊತ್ತು. ಹಿಂದೆ ಒಮ್ಮೆ ಪಡೆದರೆ ಅವು ಹಾಗೆಯೇ ಮುಂದುವರಿಯುತ್ತಿದ್ದವು. 2021ರ ಏಪ್ರಿಲ್ 1ರಿಂದ ಆ ಪದ್ಧತಿ ಹೋಗಿ ಐದು ವರ್ಷಗಳ ಅವಧಿ ಬಂತು, ಹೊಸ ಸಂಸ್ಥೆಗಳಿಗೆ ಮೊದಲು ಮೂರು ವರ್ಷಗಳ ತಾತ್ಕಾಲಿಕ ನೋಂದಣಿ ಎಂದಾಯಿತು. ನಿಮ್ಮಂಥವರು ಎಡವುವುದು ಇಲ್ಲಿಯೇ. ಮೂರು ವರ್ಷ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ತಾತ್ಕಾಲಿಕ ನೋಂದಣಿ ಮುಗಿಯುವುದಕ್ಕೆ ಆರು ತಿಂಗಳು ಮೊದಲು ಅಥವಾ ಚಟುವಟಿಕೆ ಆರಂಭಿಸಿದ ಆರು ತಿಂಗಳೊಳಗೆ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರಲ್ಲಿ ಪೂರ್ಣಾವಧಿಯ ನೋಂದಣಿಗೆ ಅರ್ಜಿ ಹಾಕಬೇಕೆಂದು ನಿಯಮ ಹೇಳುತ್ತದೆ. ನೀವು ಈಗಾಗಲೇ ಪಾಠ ಶುರುಮಾಡಿದ್ದರೆ ಗಡಿಯಾರ ಓಡತೊಡಗಿದೆ ಎಂದೇ ತಿಳಿಯಿರಿ.

2025ರ ಹಣಕಾಸು ಅಧಿನಿಯಮವು ಹಿಂದಿನ ಎರಡು ವರ್ಷಗಳಲ್ಲಿ ಪ್ರತಿ ವರ್ಷವೂ 5 ಕೋಟಿ ರೂಪಾಯಿ ಮೀರದ ಆದಾಯವಿರುವ ಸಂಸ್ಥೆಗಳಿಗೆ ನೋಂದಣಿಯ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿತು. ಸುದ್ದಿಗಳಲ್ಲಿ ಇದು 'ಟ್ರಸ್ಟ್‌ಗಳಿಗೆ ಹತ್ತು ವರ್ಷ' ಎಂದು ಒಂದೇ ಸಾಲಿನಲ್ಲಿ ಬಂದಿತು. ಆದರೆ ಆ ತಿದ್ದುಪಡಿ 12ಎಗೆ ಸಂಬಂಧಿಸಿದ್ದೇ ಹೊರತು 80ಜಿಗೆ ಸಂಬಂಧಿಸಿದ್ದಲ್ಲ ಎಂಬುದು ತಿದ್ದುಪಡಿಯ ಪಠ್ಯವನ್ನು ಓದಿದವರಿಗೆ ಮಾತ್ರ ತಿಳಿಯುತ್ತಿತ್ತು. ಇದರ ಮೇಲೆ, 1961ರ ಕಾಯ್ದೆಯ ಸ್ಥಾನದಲ್ಲಿ ಆದಾಯ ತೆರಿಗೆ ಅಧಿನಿಯಮ 2025 ಬಂದಿದ್ದು, ಅದರ ಜಾರಿ ದಿನಾಂಕ 2026ರ ಏಪ್ರಿಲ್ 1. ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳೇ ಬೇರೆಯಾಗಿರುವುದರಿಂದ, ಹುಡುಕಿದಾಗ ಮೊದಲು ಕಾಣುವ ಹಳೆಯ ಲೇಖನಗಳನ್ನು ನಂಬಿ ಅರ್ಜಿ ತುಂಬಬೇಡಿ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿರುವ ಕಾಯ್ದೆಯ ಪಠ್ಯ, ನಿಯಮಗಳು ಮತ್ತು ಸುತ್ತೋಲೆಗಳನ್ನು ನೋಡಿ, ನಂತರ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ಪ್ರಶ್ನೆ ತಿಳಿದು ಕೇಳುವವರಿಗೆ ಆಡಿಟರ್ ಕೊಡುವ ಉತ್ತರವೇ ಬೇರೆ ಇರುತ್ತದೆ.

80ಜಿ ಸಿಕ್ಕ ಮೇಲೆ ಪ್ರತಿವರ್ಷ ದಾನಿಗಳ ವಿವರ ಸಲ್ಲಿಸುವ ಕೆಲಸವಿದೆ. 1961ರ ಕಾಯ್ದೆಯಡಿ ಅದು 10ಬಿಡಿ ನಮೂನೆ, ಗಡುವು ಮೇ 31, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಆ ವಿವರ ಸಲ್ಲಿಸಿದ ಮೇಲೆಯೇ ದಾನಿಗೆ ಪ್ರಮಾಣಪತ್ರ ಹೊರಡುತ್ತದೆ. ನೀವು ಕೈಯಲ್ಲಿ ಬರೆದುಕೊಟ್ಟ ರಸೀದಿಯೊಂದೇ ಸಾಲದು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ದಾನಿಗೆ ರಿಯಾಯಿತಿ ಸಿಗುವುದಿಲ್ಲ ಎಂಬುದನ್ನು ಜಾತ್ರೆ, ಹಬ್ಬಗಳ ಸಮಯದಲ್ಲಿ ಹಣ ಕೂಡಿಸುವ ಗೆಳೆಯರಿಗೆ ಮೊದಲೇ ಹೇಳಿಡಿ.

ಇನ್ನು ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ನೀತಿ ಆಯೋಗದ ಜಾಲತಾಣ ಎನ್‌ಜಿಒ ದರ್ಪಣ್. ಸರ್ಕಾರಿ ಅನುದಾನಕ್ಕೆ ಅರ್ಜಿ ಹಾಕುವಾಗ ಇದರ ವಿಶಿಷ್ಟ ಗುರುತಿನ ಸಂಖ್ಯೆ ಕೇಳುವುದು ವಾಡಿಕೆ. ನೋಂದಣಿಗೆ ಟ್ರಸ್ಟಿನ ಮತ್ತು ಪದಾಧಿಕಾರಿಗಳ ಪ್ಯಾನ್ ವಿವರ ಬೇಕು. ನೋಂದಾಯಿಸಿಕೊಳ್ಳುವುದಷ್ಟೇ ಅಲ್ಲ, ನಿಮ್ಮ ಜಿಲ್ಲೆಯಲ್ಲಿ ಶಿಕ್ಷಣ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಇತರ ಸಂಸ್ಥೆಗಳು ಯಾವುವು ಎಂದು ಅಲ್ಲಿಯೇ ಹುಡುಕಬಹುದು. ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆ ಸಂಸ್ಥೆ ಒಳ್ಳೆಯದೆಂದು ಸರ್ಕಾರ ಮುದ್ರೆ ಒತ್ತಿದೆ ಎಂದು ಭಾವಿಸಬಾರದು.

ಸುದ್ದಿ ಮತ್ತು ವಿಶ್ಲೇಷಣೆಗೆ ಬರುತ್ತೇನೆ. ಕಾನೂನಿನ ಬದಲಾವಣೆಗಳ ವಿವರಣೆಗೆ ನಾನು ಹೆಚ್ಚು ನಂಬುವುದು ಮುಂಬೈಯ ಸೆಂಟರ್ ಫಾರ್ ಅಡ್ವಾನ್ಸ್‌ಮೆಂಟ್ ಆಫ್ ಫಿಲಾಂತ್ರಪಿ ಸಂಸ್ಥೆಯ ಬರಹಗಳನ್ನು. ತಿದ್ದುಪಡಿಯಿಂದ ಚಿಕ್ಕ ಸಂಸ್ಥೆಗೆ ಏನಾಗುತ್ತದೆ ಎಂಬುದನ್ನು ಅಲ್ಲಿ ನೇರವಾಗಿ ಹೇಳಿರುತ್ತಾರೆ. ಸ್ವಯಂಸೇವಾ ಸಂಸ್ಥೆಗಳ ರಾಷ್ಟ್ರಮಟ್ಟದ ಒಕ್ಕೂಟವಾದ ವಾಣಿ ದೆಹಲಿಯ ನೀತಿ ನಿರ್ಧಾರಗಳನ್ನು ಗಮನಿಸುತ್ತದೆ. ಇಂಡಿಯಾ ಡೆವಲಪ್‌ಮೆಂಟ್ ರಿವ್ಯೂನಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಕ್ಷೇತ್ರದ ಅನುಭವಗಳು ಪ್ರಕಟವಾಗುತ್ತವೆ. ಕನ್ನಡದಲ್ಲಿ ಇಷ್ಟು ಕ್ರಮಬದ್ಧವಾಗಿ ಈ ವಿಷಯಗಳನ್ನೇ ಬರೆಯುವ ಜಾಲತಾಣವನ್ನು ನಾನು ಕಂಡಿಲ್ಲ. ನಮ್ಮ ಟ್ರಸ್ಟಿಗಳಲ್ಲಿ ಇಂಗ್ಲಿಷ್ ಓದಬಲ್ಲವರೊಬ್ಬರು ತಿಂಗಳಿಗೊಮ್ಮೆ ಮುಖ್ಯ ಅಂಶಗಳನ್ನು ಕನ್ನಡದಲ್ಲಿ ಒಂದು ಪುಟ ಬರೆದು ಸಭೆಯಲ್ಲಿ ಓದುತ್ತಾರೆ. ನಿಮಗೂ ಸದ್ಯಕ್ಕೆ ಇದಕ್ಕಿಂತ ಸುಲಭದ ದಾರಿ ತೋರುವುದಿಲ್ಲ.

ಸಾಮಗ್ರಿಯ ವಿಷಯದಲ್ಲಿ ಮಾತ್ರ ಕನ್ನಡದ ಸ್ಥಿತಿ ಬಹಳ ಉತ್ತಮವಾಗಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಓದುವ ಹಂತಕ್ಕೆ ತಕ್ಕಂತೆ ವಿಂಗಡಣೆಯಾಗಿ, ಚಿತ್ರಗಳ ಸಮೇತ, ಉಚಿತವಾಗಿ ಸಿಗುತ್ತವೆ. ಅವು ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಕೃತಿಕಾರರ ಹೆಸರನ್ನು ಉಳಿಸಿಕೊಂಡು ಮುದ್ರಿಸಿ ಹಂಚಬಹುದು, ಬೇಕಾದರೆ ನಿಮ್ಮ ಭಾಗದ ಕನ್ನಡಕ್ಕೆ ಹೊಂದಿಸಿ ಮರುಬರೆಯಲೂಬಹುದು. ಸಂಜೆ ಪಾಠಕ್ಕೆ ಬರುವ ಮಕ್ಕಳ ಕೈಗೆ ಒಂದೊಂದು ಪ್ರತಿ ಕೊಡಬೇಕೆನ್ನುವ ಸಂಸ್ಥೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಪಠ್ಯಪುಸ್ತಕಕ್ಕೆ ಸಂಬಂಧಿಸಿದ ಪಾಠಗಳಿಗೆ ಸರ್ಕಾರದ ಅಂತರ್ಜಾಲ ವೇದಿಕೆ ದೀಕ್ಷಾ ಇದೆ; ಶಿಕ್ಷಕರಿಗಾಗಿ ಸಿದ್ಧವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಗಣಿತ, ವಿಜ್ಞಾನದ ಚಟುವಟಿಕೆಗಳಿವೆ.

ಗ್ರಂಥಾಲಯ ನಡೆಸುತ್ತಿರುವುದರಿಂದ ಇದನ್ನು ಸೇರಿಸುತ್ತೇನೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಯಲ್ಲಿವೆ, ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ 'ಓದುವ ಬೆಳಕು' ಕಾರ್ಯಕ್ರಮ ನಡೆದಿದೆ. ಸುತ್ತಲಿನ ಹಳ್ಳಿಗಳ ಮಕ್ಕಳೂ ನಿಮ್ಮಲ್ಲಿಗೆ ಬರುತ್ತಿದ್ದರೆ, ಅಲ್ಲಲ್ಲಿ ಹೊಸ ಕಪಾಟು ತರುವ ಮೊದಲು ಆಯಾ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕರೊಡನೆ ಮಾತನಾಡುವುದು ಲೇಸು. ಯಾವ ಊರಿನಲ್ಲಿ ಪಡಿತರ, ಉದ್ಯೋಗ ಖಾತರಿ ಮೊದಲಾದ ಯೋಜನೆಗಳು ಎಷ್ಟು ಜನಕ್ಕೆ ತಲುಪಿವೆ ಎಂದು ತಿಳಿಯಲು ರಾಜ್ಯ ಸರ್ಕಾರದ ಮಾಹಿತಿ ಕಣಜ ತಾಣವಿದೆ. ಮಾಹಿತಿ ಹಕ್ಕು ಅರ್ಜಿ ಹಾಕದೆಯೇ ಗ್ರಾಮಮಟ್ಟದ ವಿವರ ಕನ್ನಡದಲ್ಲಿ ನೋಡಬಹುದು. ಸ್ವಯಂಸೇವಕರು ಮನೆಮನೆ ಸಮೀಕ್ಷೆಗೆ ಹೊರಡುವ ಮುನ್ನ ಇದನ್ನು ನೋಡಿಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

ಮಕ್ಕಳೊಡನೆ ಕೆಲಸ ಮಾಡುವವರು ತಪ್ಪದೆ ಓದಬೇಕಾದ ಕಾಯ್ದೆಗಳು ಎರಡಿವೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದರೆ ದೂರು ಕೊಡುವುದು ಕಡ್ಡಾಯ. ಸಂಸ್ಥೆಯ ಮರ್ಯಾದೆಯ ನೆಪದಲ್ಲಿ ಒಳಗೇ ಇತ್ಯರ್ಥ ಮಾಡುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಪಾಠದ ಕೋಣೆಯಲ್ಲಿ ಕಾಣುವಂತೆ ಬರೆದಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ದಾನಿಗಳಿಗೆ ತೋರಿಸಲೆಂದು ಮಕ್ಕಳ ಮುಖ, ಹೆಸರು, ಶಾಲೆಯನ್ನು ಫೇಸ್‌ಬುಕ್ಕಿನಲ್ಲಿ ಹಾಕುವ ರೂಢಿ ನನಗಂತೂ ಮೊದಲಿನಿಂದಲೂ ಹಿಡಿಸಿದ್ದಲ್ಲ.

ಸ್ವಯಂಸೇವಕರನ್ನು ಹುಡುಕಲು ಕೇಂದ್ರದ ಯುವಜನ ವ್ಯವಹಾರಗಳ ಸಚಿವಾಲಯದ ಮೈ ಭಾರತ್ ತಾಣದಲ್ಲಿ ಸಂಸ್ಥೆಗಳು ಅವಕಾಶಗಳನ್ನು ಪ್ರಕಟಿಸಬಹುದು. ಗಾಂಧಿ ಜಯಂತಿಯ ವಾರದಲ್ಲಿ 2009ರಿಂದ ನಡೆದುಬಂದಿರುವ ದಾನ್ ಉತ್ಸವದ ಸಮಯದಲ್ಲಿ ಕಂಪನಿಗಳ ನೌಕರರು ಒಂದು ದಿನದ ಕೆಲಸಕ್ಕೆ ಸಿಗುತ್ತಾರೆ. ಆದರೆ ಸಂಜೆ ಪಾಠಕ್ಕೆ ಬೇಕಾಗಿರುವುದು ವಾರಕ್ಕೆ ಎರಡು ದಿನ ತಪ್ಪದೆ ಬರುವ ಊರಿನವರೇ. ಅಂಥವರನ್ನು ನನಗೆ ಯಾವ ತಾಣವೂ ಹುಡುಕಿಕೊಟ್ಟಿಲ್ಲ. ಗೂಗಲ್ ಮತ್ತು ಭಿತ್ತಿಪತ್ರ ಮೊದಲಾದವನ್ನು ವಿನ್ಯಾಸ ಮಾಡುವ ತಾಣ ಕ್ಯಾನ್ವಾ ಲಾಭರಹಿತ ಸಂಸ್ಥೆಗಳಿಗೆ ದಾಖಲೆ ಪರಿಶೀಲಿಸಿ ತಮ್ಮ ಸೌಲಭ್ಯಗಳನ್ನು ಉಚಿತವಾಗಿ ಕೊಡುತ್ತವೆ, ಅದನ್ನು ಬಿಡಬೇಡಿ.

ಕೊನೆಗೆ ಅನುದಾನ. ಕಂಪನಿಗಳು ಸಾಮಾಜಿಕ ಹೊಣೆಯಾಗಿ ಖರ್ಚುಮಾಡುವ ಸಿಎಸ್‌ಆರ್ ಹಣ ಪಡೆಯಲು ಟ್ರಸ್ಟಿಗೆ 12ಎ, 80ಜಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಮತ್ತು ಅಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಇರಬೇಕು. ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ನೋಂದಣಿಗೆ ಮೂರು ವರ್ಷ ಅಸ್ತಿತ್ವದಲ್ಲಿದ್ದು ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚುಮಾಡಿರಬೇಕು. ಆದ್ದರಿಂದ ಅನುದಾನದ ಪ್ರಕಟಣೆಗಳ ಪೈಕಿ ಹೆಚ್ಚಿನವು ಹೊಸ ಟ್ರಸ್ಟಿಗೆ ಅನ್ವಯಿಸುವುದಿಲ್ಲ. ಅವನ್ನು ದಿನವೂ ಓದುವುದು ಕಾಲಹರಣವಷ್ಟೇ. ಅದರ ಬದಲು ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಯಾವ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಕೊಟ್ಟಿದೆ ಎಂದು ನೋಡಿ, ನಿಮ್ಮ ಸುತ್ತಮುತ್ತ ಕಾರ್ಖಾನೆ ಇರುವ ಕಂಪನಿಗಳ ಹೆಸರು ಬರೆದಿಟ್ಟುಕೊಳ್ಳಿ. ಮೂರು ವರ್ಷಗಳ ನಂತರ ಅದು ಕೆಲಸಕ್ಕೆ ಬರುತ್ತದೆ.

ಸಿಎಸ್‌ಆರ್ ಹಣ ಕೊಡಿಸುತ್ತೇನೆ, ಮೊದಲು ಇಷ್ಟು ಶೇಕಡಾ ಕಟ್ಟಿ ಎನ್ನುವ ಮಧ್ಯವರ್ತಿಗಳ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುತ್ತಲೇ ಇರುತ್ತದೆ. 2025ರ ಆರಂಭದಲ್ಲಿ ಕೇರಳದಲ್ಲಿ ಸಿಎಸ್‌ಆರ್ ಹೆಸರಿನಲ್ಲಿ ಅರ್ಧ ಬೆಲೆಗೆ ಸ್ಕೂಟರ್ ಕೊಡಿಸುವುದಾಗಿ ಸಾವಿರಾರು ಮಂದಿಯಿಂದ ಹಣ ಕಟ್ಟಿಸಿಕೊಂಡ ವಂಚನೆ ಬಯಲಾದಾಗ, ಜನರನ್ನು ಸೇರಿಸಲು ಊರಿನ ಸ್ವಯಂಸೇವಾ ಸಂಸ್ಥೆಗಳನ್ನೇ ಬಳಸಿಕೊಂಡಿದ್ದು ಹೊರಬಂತು. ಮುಂಗಡ ಹಣ ಕೇಳಿದ ಕ್ಷಣವೇ ಆ ಮಾತುಕತೆ ನಿಲ್ಲಿಸಿ.

ನಿಮ್ಮ ತಾತ್ಕಾಲಿಕ ನೋಂದಣಿಯ ಆದೇಶದಲ್ಲಿರುವ ದಿನಾಂಕವನ್ನೂ ಪಾಠ ಆರಂಭಿಸಿದ ತಿಂಗಳನ್ನೂ ತಿಳಿಸಿದರೆ, ಮುಂದಿನ ಅರ್ಜಿ ಯಾವಾಗ ಹಾಕಬೇಕೆಂದು ಲೆಕ್ಕ ಹಾಕಿ ಇಲ್ಲಿಯೇ ಬರೆಯುತ್ತೇನೆ. ಪ್ಯಾನ್ ಸಂಖ್ಯೆಯನ್ನಾಗಲಿ ಆದೇಶದ ಪ್ರತಿಯನ್ನಾಗಲಿ ಇಲ್ಲಿ ಹಾಕಬೇಡಿ, ದಿನಾಂಕವಷ್ಟೇ ಸಾಕು.