ದರಕಿನ ಲೆಕ್ಕ

“ಕಳೆದ ಸಂಚಿಕೆಯ ಚೆರ್ನೋಬಿಲ್ ಲೇಖನ ಓದಿದೆ. ಜನ ಬಿಟ್ಟುಹೋದ ಆ ಕಾಡಿನಲ್ಲಿ ಈಗ ತೋಳ, ಕುದುರೆ ಎಲ್ಲ ಸುಖವಾಗಿವೆಯಂತೆ. ಇಷ್ಟು ವರ್ಷಗಳ ಮಳೆ ವಿಷವನ್ನೆಲ್ಲ ತೊಳೆದು ಹಾಕಿರಬೇಕು. ಕಾಡು ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ ಎಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ನೀವು ಸುಮ್ಮನೆ ಹೆದರಿಸುತ್ತೀರಿ. ಇರಲಿ, ಮಳೆಗಾಲದಲ್ಲಿ ಅಣಬೆ ಸಾರಿಗೆ ಬನ್ನಿ.”
– ನಿವೃತ್ತ ವಿಜ್ಞಾನ ಶಿಕ್ಷಕರು, ಸಿದ್ದಾಪುರ

ಮೇಷ್ಟ್ರೇ, ತೋಳ, ಕುದುರೆಯ ಮಾತು ನಿಜ. 1998ರಲ್ಲಿ ತಂದು ಬಿಟ್ಟ ಪ್ರಜೆವಾಲ್ಸ್ಕಿ ಕುದುರೆಗಳು ಅಲ್ಲಿ ಮರಿ ಹಾಕಿ ಹೆಚ್ಚಿವೆ. ಮನುಷ್ಯ ಜಾಗ ಖಾಲಿ ಮಾಡಿದರೆ ಪ್ರಾಣಿಗಳಿಗೆ ಅದೇ ದೊಡ್ಡ ಉಪಕಾರ, ಒಪ್ಪಿದೆ. ಆದರೆ ‘ಮಳೆ ತೊಳೆದು ಹಾಕಿರಬೇಕು’ ಅಂದಿರಲ್ಲ, ಆ ಒಂದು ವಾಕ್ಯ ನನ್ನನ್ನು ಎರಡು ದಿನ ನೆಮ್ಮದಿಯಾಗಿ ಕೂರಲು ಬಿಡಲಿಲ್ಲ.

ನೀವು ಅಡಿಕೆ ಸೀಮೆಯವರು. ಬೇಸಿಗೆಯಲ್ಲಿ ಸೊಪ್ಪಿನಬೆಟ್ಟದಿಂದ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ತರುವುದನ್ನು ನೋಡಿಯೇ ಇದ್ದೀರಿ. ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಹಾಕುವುದು ಯಾಕೆ? ಮರದ ಬೇರು ಆಳದಿಂದ ಎಳೆದ ಪೊಟ್ಯಾಸಿಯಂ ಎಲೆಯಲ್ಲಿರುತ್ತದೆ. ಎಲೆ ಉದುರಿ ಕೊಳೆತರೆ ಬೇರು ಅದನ್ನೇ ಮತ್ತೆ ಹೀರುತ್ತದೆ. ಬೆಟ್ಟ ಶತಮಾನಗಳಿಂದ ನಡೆಸುತ್ತಿರುವ ವ್ಯವಹಾರ ಇದು. ಚೆರ್ನೋಬಿಲ್ ಚೆಲ್ಲಿದ ವಿಕಿರಣ ಸೂಸುವ ಸೀಸಿಯಂ-137 ಪೊಟ್ಯಾಸಿಯಂನ ದಾಯಾದಿ, ಬೇರಿಗೆ ಇಬ್ಬರ ಗುರುತು ಸರಿಯಾಗಿ ಸಿಕ್ಕುವುದಿಲ್ಲ. 1986ರ ಏಪ್ರಿಲ್ 26ರಂದು ಅಲ್ಲಿನ ಅಣುಸ್ಥಾವರ ಸ್ಫೋಟಗೊಂಡ ನಂತರ ಪೈನ್ ಮರಗಳ ತಲೆಯ ಮೇಲೆ ಕೂತ ಧೂಳು ಕೆಲವೇ ವರ್ಷಗಳಲ್ಲಿ ಮಳೆಯೊಂದಿಗೆ, ಉದುರೆಲೆಯೊಂದಿಗೆ ನೆಲಕ್ಕೆ ಬಂತು. ಬಂದದ್ದು ಆ ಹಳೇ ಚಕ್ರಕ್ಕೇ ಸೇರಿಕೊಂಡಿತು. ಸೀಸಿಯಂನ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ತಾನಾಗಿ ಸವೆಯಲು ಬೇಕಾದ ಕಾಲ, ಸುಮಾರು 30 ವರ್ಷ. ಇವತ್ತಿಗೆ ಅರ್ಧಕ್ಕಿಂತ ತುಸು ಹೆಚ್ಚು ಸವೆದಿದೆ ಅಂದರೆ ಅದು ಕಾಲ ಮಾಡಿದ ಕೆಲಸ. ಮಳೆ ಕಾಡಿನಿಂದ ಹೊರಗೆ ಒಯ್ದದ್ದು ತೀರಾ ಅಲ್ಪ.

ಗದ್ದೆಯ ಕಥೆ ಬೇರೆ. ಅಲ್ಲಿ ಉಳುತ್ತೇವೆ, ಜೇಡಿಮಣ್ಣು ಮೇಲೆ ಬರುತ್ತದೆ. ಇಲ್ಲೈಟ್ ಎಂಬ ಜೇಡಿಯ ಅಂಚು ಹಳೇ ಪುಸ್ತಕದ ಹಾಳೆಗಳಂತೆ ತುಸು ಬಿಚ್ಚಿಕೊಂಡಿರುತ್ತದೆ. ಸೀಸಿಯಂ ಅದರೊಳಗೆ ನುಸುಳಿದರೆ ಸುಲಭವಾಗಿ ಹೊರಬರದು. ಸಾಲದ್ದಕ್ಕೆ ಪೊಟ್ಯಾಷ್ ಗೊಬ್ಬರ ಹಾಕುತ್ತೇವೆ. ಫುಕುಶಿಮಾದ ಭತ್ತದ ಗದ್ದೆಗಳಲ್ಲಿ ಮಾಡಿದ್ದೂ ಅದನ್ನೇ. ಕಾಡಿಗೆ ಪೊಟ್ಯಾಷ್ ಹಾಕುವವರು ಯಾರು? ಅಲ್ಲಿ ಮೇಲಿನ ಗೇಣುದ್ದ ಬರೀ ಕೊಳೆತೆಲೆ, ಅದರ ತುಂಬ ಅಣಬೆಯ ನೂಲು. ಆ ನೂಲೇ ಸೀಸಿಯಂ ಹಿಡಿದಿಟ್ಟುಕೊಂಡು ಆಳಕ್ಕೆ ಇಳಿಯಲು ಬಿಡುವುದಿಲ್ಲ.

ಜರ್ಮನಿಯ ಬವೇರಿಯದ ಕಾಡುಹಂದಿಗಳನ್ನು ನೋಡಿ. ಅದೇ ಕಾಡಿನ ಜಿಂಕೆಗಳ ಮಾಂಸದಲ್ಲಿ ಸೀಸಿಯಂ ವರ್ಷ ವರ್ಷ ಇಳಿಯಿತು, ಹಂದಿಯದ್ದು ಹೆಚ್ಚುಕಡಿಮೆ ಇಳಿಯಲೇ ಇಲ್ಲ. ಬೆಕೆರೆಲ್ ಎಂಬುದು ವಿಕಿರಣದ ಅಳತೆ; ಮಾಂಸಕ್ಕೆ ಹಾಕಿದ ಕೆಜಿಗೆ 600 ಬೆಕೆರೆಲ್ ಮಿತಿಯನ್ನು ಈಗಲೂ ಮೀರುವ ಹಂದಿಗಳು ಸಿಗುತ್ತವೆ. ಕಾರಣ, ಚಳಿಗಾಲದಲ್ಲಿ ಅವು ನೆಲ ಕೆದಕಿ ತಿನ್ನುವ ಒಂದು ಬಗೆಯ ಭೂಗತ ಅಣಬೆ. 2023ರಲ್ಲಿ ವಿಯೆನ್ನಾ, ಹ್ಯಾನೋವರ್‌ನ ವಿಜ್ಞಾನಿಗಳು ಸೀಸಿಯಂನ ಬೇರೆ ಬೇರೆ ಐಸೊಟೋಪುಗಳ (ಒಂದೇ ಧಾತುವಿನ ಬೇರೆ ತೂಕದ ರೂಪಗಳ) ಜಾಡು ಹಿಡಿದು ನೋಡಿದರೆ, ಹಂದಿಯೊಳಗಿನ ಸೀಸಿಯಂನಲ್ಲೊಂದು ಪಾಲು ಚೆರ್ನೋಬಿಲ್‌ದೇ ಅಲ್ಲ, ಅದಕ್ಕೂ ಮೊದಲಿನ ಬಾಂಬ್ ಪರೀಕ್ಷೆಗಳದ್ದು! ಅರುವತ್ತು ವರ್ಷದ ಹಳೇ ಬಾಕಿಯನ್ನು ಕಾಡು ಈಗ ಹಂದಿಯಿಂದ ವಸೂಲು ಮಾಡುತ್ತಿದೆ. ಇದಕ್ಕೆ ‘ಶುದ್ಧಿ’ ಅನ್ನುತ್ತೀರಾ ಮೇಷ್ಟ್ರೇ?

ಬ್ರಿಟನ್ನಿನ ಕಥೆಯಂತೂ ನಗಬೇಕೋ ಅಳಬೇಕೋ ತಿಳಿಯದಂಥದ್ದು. ಚೆರ್ನೋಬಿಲ್‌ನ ಸೀಸಿಯಂ ಮಳೆಯೊಂದಿಗೆ ಅಲ್ಲೂ ಬಿದ್ದು, 1986ರ ಜೂನ್‌ನಲ್ಲಿ ಕಂಬ್ರಿಯ, ವೇಲ್ಸ್ ಬೆಟ್ಟಗಳ ಕುರಿ ಮಾರಾಟಕ್ಕೆ ತಡೆ ಬಂತು. ಎಷ್ಟು ದಿನ? ಮೂರೇ ವಾರ ಎಂದರು. ಜೇಡಿಮಣ್ಣಿನ ಲೆಕ್ಕವನ್ನು ಜೌಗಿನ ಕೊಳೆತ ಹುಲ್ಲುಮಣ್ಣಿಗೆ ಅಂಟಿಸಿದ್ದರು. ಕೊನೆಯ ತಡೆ ತೆಗೆದದ್ದು 2012ರಲ್ಲಿ. ನಡುವೆ ತಜ್ಞರು ಕುರಿಗೆ ಒಣಹುಲ್ಲು ಹಾಕಿ ಎಂದು ಉಪದೇಶವನ್ನೂ ಮಾಡಿದ್ದರು. ಬೆಟ್ಟದ ಕುರಿ ಅದನ್ನು ಮೂಸುವುದೂ ಇಲ್ಲವೆಂದು ಕುರಿಗಾಹಿಗಳಿಗೆ ಗೊತ್ತಿತ್ತು. ಕೇಳಿದವರು ಯಾರು?

ನನ್ನ ಸಂಕಟ ಇರುವುದು ಇಲ್ಲೇ. ಕಾಡೆಂದರೆ ನಮ್ಮವರಿಗೂ ಮರದ ಎಣಿಕೆ ಅಷ್ಟೇ. ಹಿಂದೊಮ್ಮೆ ಒಂದು ಕಚೇರಿಗೆ ಹೋಗಿ, ಈ ಬೆಟ್ಟದ ಮಣ್ಣಿನ ಮಾಹಿತಿ ಇದೆಯೇ ಎಂದೆ. ವನಮಹೋತ್ಸವದಲ್ಲಿ ನೆಟ್ಟ ಸಸಿಗಳ ಪಟ್ಟಿ ಕೊಟ್ಟರು. ಕಾಫಿಯನ್ನೂ ಕೊಟ್ಟರು, ಸುಳ್ಳು ಹೇಳಬಾರದು.

ನಿಮ್ಮ ಜಿಲ್ಲೆಯ ಕಾಡಿನ ನಡುವೆಯೇ ಕೈಗಾ ಅಣುಸ್ಥಾವರ ಇದೆ. ಅದನ್ನು ವಿರೋಧಿಸಿಯೇ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಅಲ್ಲಿ ಚೆರ್ನೋಬಿಲ್‌ನಂಥದ್ದು ಆಗಿಲ್ಲ, ಸುತ್ತಲಿನ ಮಣ್ಣು, ಎಲೆ, ಮೀನು ಅಳೆಯುವ ಪ್ರಯೋಗಾಲಯವೂ ಇದೆ. ಹೆದರಿಸುತ್ತಿಲ್ಲ. ಆದರೆ ಮಳೆಗೆ ಸವೆದ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಹೆಚ್ಚಿರುವುದು ಕಯೊಲಿನೈಟ್ ಎಂಬ ಬೇರೆ ಜೇಡಿ, ಅದಕ್ಕೆ ಇಲ್ಲೈಟಿನ ಹಿಡಿತವಿಲ್ಲ. ಚೆರ್ನೋಬಿಲ್ ಇರುವ ಉಕ್ರೇನಿನ ಮಣ್ಣಿನ ಲೆಕ್ಕದ ಕೋಷ್ಟಕ ತಂದು ಇಲ್ಲಿ ಹಾಸಿದರೆ ಕಂಬ್ರಿಯದ ಮೂರು ವಾರದ ಕಥೆಯೇ ಆದೀತು.

ಅಣಬೆ ಸಾರಿಗೆ ಖಂಡಿತ ಬರುತ್ತೇನೆ. ಅಣಬೆ ಎದ್ದ ಜಾಗದ ದರಕು ಮಾತ್ರ ಗುಡಿಸಿ ಹಾಕಬೇಡಿ, ಊಟಕ್ಕೆ ಮುಂಚೆ ಅದನ್ನೊಮ್ಮೆ ಇಬ್ಬರೂ ಕೆದಕಿ ನೋಡೋಣ.

– ಸಂ.