ಬೈಕಿನ ಹೆಡ್‌ಲೈಟಿಗೆ ಹೆಚ್ಚು ಬೆಳಕು ಕೊಡುವ, ಬಾಳಿಕೆಯೂ ಬರುವ ಬಲ್ಬ್ ಯಾವುದು?

ಬೈಕಿನೊಂದಿಗೆ ಬಂದ 60/55 ವ್ಯಾಟ್‌ನ (ದೂರಕ್ಕೆ ಬೀಳುವ ಹೈಬೀಮಿಗೆ 60, ಹತ್ತಿರಕ್ಕೆ ಬೀಳುವ ಲೋಬೀಮಿಗೆ 55) ಎಚ್4 ಹ್ಯಾಲೊಜೆನ್ ಬಲ್ಬಿನ ಬೆಳಕು ಸಾಲುತ್ತಿಲ್ಲ, 100/90 ವ್ಯಾಟ್‌ನದನ್ನು ಹಾಕಿಸಿದರೆ ಬೆಳಕೂ ಬಾಳಿಕೆಯೂ ಸಿಕ್ಕೀತೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನು ಯಾರನ್ನೂ ಕೇಳದೆ ಅದನ್ನೇ ಹಾಕಿಸಿದ್ದೆ.

ಆಗ ನನ್ನ ಬೈಕಿಗೆ ಎಂಟು ವರ್ಷವಾಗಿತ್ತು. ಕೆಲಸ ಮುಗಿಸಿ ಮನೆಗೆ ಹೊರಡುವಷ್ಟರಲ್ಲಿ ಕತ್ತಲಾಗುತ್ತಿತ್ತು, ಬೀದಿದೀಪವಿಲ್ಲದ ದಾರಿಯಲ್ಲಿ ಹೆಡ್‌ಲೈಟಿನ ಹಳದಿ ಬೆಳಕು ರಸ್ತೆಯ ಗುಂಡಿಯನ್ನು ತೋರಿಸುವ ಹೊತ್ತಿಗೆ ಚಕ್ರ ಅದರೊಳಗೆ ಇಳಿದಿರುತ್ತಿತ್ತು. ಹೊಸ ಬಲ್ಬ್ ಹಾಕಿಸಿದ ಮೊದಲ ರಾತ್ರಿ ಬೆಳಕು ಹೆಚ್ಚಿದ್ದು ನಿಜ. ಆದರೆ ವ್ಯಾಟ್ ಏರಿದ ಪ್ರಮಾಣದಲ್ಲಿ ಅದು ಹೆಚ್ಚಿರಲಿಲ್ಲ, ಆ ವ್ಯತ್ಯಾಸದ ಬಗ್ಗೆ ನಾನು ಯೋಚಿಸಲೂ ಇಲ್ಲ. ಮೂರನೆಯ ವಾರದಲ್ಲಿ, ಮಳೆ ಸುರಿಯುತ್ತಿದ್ದಾಗ, ಒಂದು ತಿರುವಿನ ನಡುವೆ ಬೆಳಕು ಮೊದಲು ಕೆಂಪಾಯಿತು, ಮರುಕ್ಷಣ ಪೂರ್ತಿ ಆರಿತು. ರಸ್ತೆಯ ಅಂಚು ಎಲ್ಲಿದೆಯೆಂದು ಕಾಣದೆ ಬ್ರೇಕ್ ಹಿಡಿದು ನಿಂತ ಆ ನಾಲ್ಕೈದು ಸೆಕೆಂಡುಗಳನ್ನು ನಾನು ಇನ್ನೂ ಮರೆತಿಲ್ಲ.

ಮರುದಿನ ಹೆಡ್‌ಲೈಟ್ ಬಿಚ್ಚಿ ನೋಡಿದಾಗ ಬಲ್ಬಿನೊಳಗೆ ಕಾದು ಬೆಳಗುವ ಎರಡೂ ತಂತುಗಳು ಸರಿಯಾಗಿಯೇ ಇದ್ದವು. ಹಾಳಾಗಿದ್ದುದು ಅದರ ಹಿಂದಿನ ಮೂರು ಕಾಲಿನ ಹೋಲ್ಡರು. ಅದರ ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದುಗಟ್ಟಿ ಕರಗಿ ಇಳಿದಿತ್ತು, ಒಳಗಿನ ಹಿತ್ತಾಳೆಯ ತಗಡು ಹಿಡಿತ ತಪ್ಪಿ ಹಿಂದಕ್ಕೆ ಸರಿದಿತ್ತು, ಅದಕ್ಕೆ ಸೇರುವ ವೈರಿನ ಹೊದಿಕೆ ಎರಡು ಅಂಗುಲದಷ್ಟು ಉದ್ದಕ್ಕೆ ಒಣಕಡ್ಡಿಯಂತಾಗಿ ಬಾಗಿಸಿದರೆ ಬಿರಿಯುತ್ತಿತ್ತು.

ನನ್ನ ತಪ್ಪು ದೊಡ್ಡ ಬಲ್ಬ್ ಕೊಂಡದ್ದಕ್ಕಿಂತ ಮೊದಲೇ ಆಗಿತ್ತು. ಹಳೆಯ ಬಲ್ಬಿಗೆ ಎಷ್ಟು ವೋಲ್ಟೇಜ್ ತಲುಪುತ್ತಿದೆಯೆಂದು ನಾನು ಅಳೆದಿರಲಿಲ್ಲ. ಎಲ್ಲ ಮುಗಿದ ಮೇಲೆ ಹೋಲ್ಡರ್ ಬದಲಿಸಿ, ಹಳೆಯ ಬಲ್ಬನ್ನೇ ಹಾಕಿ, ಎಂಜಿನ್ನನ್ನು ಐಡ್ಲಿಂಗಿಗಿಂತ ಸ್ವಲ್ಪ ಮೇಲಿಟ್ಟು, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯ ತುದಿಗಳಲ್ಲಿ 13.8 ವೋಲ್ಟ್ ಇತ್ತು, ಬಲ್ಬಿನ ಕಾಲುಗಳಲ್ಲಿ 11.4 ಮಾತ್ರ. ಉಳಿದ 2.4 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು: 1.5 ವೋಲ್ಟ್ ಕೀ ಸ್ವಿಚ್ಚು, ಡಿಮ್-ಡಿಪ್ ಸ್ವಿಚ್ಚು ಮತ್ತು ಸಣ್ಣ ವೈರುಗಳಲ್ಲಿ, 0.9 ವೋಲ್ಟ್ ಚಾಸಿಗೆ ಬಿಗಿದ, ಕಿಲುಬು ಹಿಡಿದ ಅರ್ಥಿಂಗ್ ವೈರಿನಲ್ಲಿ. ಅಳೆಯುವಾಗ ಬಲ್ಬ್ ಉರಿಯುತ್ತಿರಲೇಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೋಲ್ಡರನ್ನು ಕಳಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಮೀಟರು ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ವೈರಿಂಗ್ ಚೆನ್ನಾಗಿದೆಯೆಂದು ನಂಬಿಬಿಡುತ್ತೀರಿ.

ತಂತು ಕೊಡುವ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಏರಿಳಿಯುತ್ತದೆ. ಎಚ್4 ಬಲ್ಬಿನ ಬೆಳಕನ್ನು, ಅಂದರೆ ಲೋಬೀಮಿನ 1000 ಲ್ಯೂಮೆನ್ ಮತ್ತು ಹೈಬೀಮಿನ 1650 ಲ್ಯೂಮೆನ್‌ಗಳನ್ನು, ಗುರುತಿಸಿರುವುದು 13.2 ವೋಲ್ಟಿನಲ್ಲಿ, 11.4 ವೋಲ್ಟಿನಲ್ಲಿ ಅದರ ಶೇಕಡಾ 60ರಷ್ಟು ಮಾತ್ರ ದಕ್ಕುತ್ತದೆ. ನಾನು ದುರ್ಬಲವೆಂದು ದೂರಿದ ಬಲ್ಬ್ ಅರೆಹೊಟ್ಟೆಯಲ್ಲಿ ದುಡಿಯುತ್ತಿತ್ತು. ಅಂಥ ವೈರಿಂಗಿಗೆ ನಾನು ಇನ್ನೂ ದೊಡ್ಡ ಬಲ್ಬ್ ಸಿಕ್ಕಿಸಿದ್ದೆ. 60 ವ್ಯಾಟ್‌ನ ತಂತು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ 100 ವ್ಯಾಟ್‌ನದು 8.3 ಆಂಪಿಯರ್ ಎಳೆಯುತ್ತದೆ, ಸಡಿಲವಾದ ಕೂಡಿಕೆಯಲ್ಲಿ ಹುಟ್ಟುವ ಶಾಖವೋ ಕರೆಂಟಿನ ವರ್ಗದಂತೆ ಏರುವುದರಿಂದ ಎರಡೂಮುಕ್ಕಾಲು ಪಟ್ಟಾಗುತ್ತದೆ. ಹೋಲ್ಡರ್ ಕರಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ರಿಫ್ಲೆಕ್ಟರ್ ಪ್ಲಾಸ್ಟಿಕಿನದಾಗಿದ್ದರೆ ಅದೂ ಸೊಟ್ಟಗಾಗುತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಇದ್ದಂತೆಯೇ ಒಪ್ಪಲಾರೆ. ಹ್ಯಾಲೊಜೆನ್ ಬಲ್ಬಿನಲ್ಲಿ ಹೆಚ್ಚು ಬೆಳಕು ಮತ್ತು ಹೆಚ್ಚು ಬಾಳಿಕೆ ಒಂದೇ ತಂತುವಿನಿಂದ ಬರುವುದಿಲ್ಲ. ಅಷ್ಟೇ ವ್ಯಾಟ್‌ನಲ್ಲಿ ಹೆಚ್ಚು ಬೆಳಗುವ ಬಲ್ಬಿನ ತಂತು ಹೆಚ್ಚು ಕಾದಿರುತ್ತದೆ, ಬೇಗ ಸವೆಯುತ್ತದೆ. ದೀರ್ಘ ಬಾಳಿಕೆಯದೆಂದು ಮಾರುವ ಬಲ್ಬು ಸ್ವಲ್ಪ ಬೆಳಕನ್ನು ಬಿಟ್ಟುಕೊಟ್ಟು ಆ ಆಯುಷ್ಯವನ್ನು ಪಡೆದಿರುತ್ತದೆ. ನೀಲಿ ಲೇಪನದ ಬಲ್ಬನ್ನಂತೂ ಕೊಳ್ಳಲೇಬೇಡಿ, ಆ ಲೇಪನ ಬೆಳಕಿನ ಒಂದು ಪಾಲನ್ನು ತಡೆದು ಹಿಡಿಯುತ್ತದೆ. ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ಸಿಕ್ಕಿಸುವುದನ್ನೂ ನಾನು ಬೇಡವೆನ್ನುತ್ತೇನೆ: ಎಚ್4 ಬಲ್ಬಿನೊಳಗೆ ಲೋಬೀಮ್ ತಂತುವಿನ ಕೆಳಗಿರುವ ಪುಟ್ಟ ಲೋಹದ ಮರೆ ಬೆಳಕು ಮೇಲಕ್ಕೆ ಹೋಗದಂತೆ ಕತ್ತರಿಸುತ್ತದೆ, ಎಲ್‌ಇಡಿಯ ಚಿಪ್ ಆ ತಂತು ಇದ್ದ ಜಾಗದಲ್ಲೇ ಕೂರದಿದ್ದರೆ ಬೆಳಕು ಚದುರಿ ಎದುರಿನಿಂದ ಬರುವವರ ಕಣ್ಣಿಗೆ ಬೀಳುತ್ತದೆ.

ನಾನು ಕೊನೆಗೆ ಮಾಡಿಸಿದ್ದು ರಿಲೇ ವೈರಿಂಗ್. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್ಚು. ಬ್ಯಾಟರಿಯಿಂದ 15 ಆಂಪಿಯರಿನ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರಿನ ವೈರನ್ನು ಎರಡು ರಿಲೇಗಳ 30 ಎಂದು ಗುರುತಿಸಿದ ಕಾಲಿಗೆ ತಂದು, 87 ಎಂದು ಗುರುತಿಸಿದ ಕಾಲಿನಿಂದ ಒಂದನ್ನು ಹೈಬೀಮಿಗೆ, ಇನ್ನೊಂದನ್ನು ಲೋಬೀಮಿಗೆ ಕೊಡಿಸಿದೆ. ಹಳೆಯ ವೈರು ಈಗ ರಿಲೇಯ ಕಾಯಿಲನ್ನು ಎಳೆಯಲಷ್ಟೇ ಬಳಕೆಯಾಗುತ್ತದೆ, ಆದ್ದರಿಂದ ಸ್ವಿಚ್ಚಿನ ಮೇಲಿನ ಭಾರವೂ ಇಳಿಯಿತು. ಬಲ್ಬಿನ ಅರ್ಥಿಂಗನ್ನು ಚಾಸಿಗೆ ಬಿಡದೆ ಬೇರೆ ವೈರಿನಲ್ಲಿ ಬ್ಯಾಟರಿಯ ನೆಗೆಟಿವ್ವಿಗೇ ತಲುಪಿಸಿದೆ. ಈಗ ಬಲ್ಬಿನ ಕಾಲುಗಳಲ್ಲಿ 13.5 ವೋಲ್ಟ್ ಇದೆ, ಅದೇ 60/55 ವ್ಯಾಟ್‌ನ ಬಲ್ಬ್ ಮೊದಲಿನ ಒಂದೂಮುಕ್ಕಾಲು ಪಟ್ಟು ಬೆಳಕು ಕೊಡುತ್ತಿದೆ. ಕೆಲವು ಸಣ್ಣ ಬೈಕುಗಳಲ್ಲಿ ಹೆಡ್‌ಲೈಟು ಬ್ಯಾಟರಿಯಿಂದಲ್ಲದೆ ನೇರವಾಗಿ, ಎಂಜಿನ್ನಿನ ತಿರುಗುವಿಕೆಯಿಂದ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊ ಕಾಯಿಲಿನ ಎಸಿಯಿಂದ ಉರಿಯುತ್ತದೆ, ಅಲ್ಲಿ ಈ ಜೋಡಣೆ ಹಾಗೆಯೇ ಕೂರುವುದಿಲ್ಲ.

ಮೊದಲು ಅಳೆಯಿರಿ. ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಬಲ್ಬಿಗೆಂದಿಟ್ಟ ಹಣವನ್ನು ವೈರಿಂಗಿಗೆ ಹಾಕಿ. ಅಂತರವಿಲ್ಲದೆ, ಬ್ಯಾಟರಿಯಲ್ಲೇ 15 ವೋಲ್ಟ್ ದಾಟುತ್ತಿದ್ದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಅದನ್ನು ಸರಿಪಡಿಸುವವರೆಗೆ ಯಾವ ಬಲ್ಬೂ ಬಾಳುವುದಿಲ್ಲ. ಎರಡೂ ಸರಿಯಿದ್ದರೆ ಮಾತ್ರ 60/55 ವ್ಯಾಟ್‌ನಲ್ಲೇ ಒಳ್ಳೆಯ ಹೊಸ ಬಲ್ಬ್ ತಂದು, ಗಾಜಿಗೆ ಬೆರಳು ತಾಗಿಸದೆ ಹಾಕಿ. ತಾಗಿದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಏಕೆಂದರೆ ಬೆರಳಿನ ಜಿಡ್ಡು ಕುಳಿತ ಜಾಗ ಮಿತಿಮೀರಿ ಕಾದು ಗಾಜು ಕೆಡುತ್ತದೆ.