ಹಳೇ ಸಿಎನ್‌ಸಿ ಕೊಳ್ಳುವ ಮುನ್ನ ಪ್ಯಾರಾಮೀಟರ್ ಪೇಜ್ ತೆಗೆಸಿ ನೋಡಿ

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ಬಾಡಿಗೆ ಶೆಡ್ ಹಿಡಿದು ಎರಡು ಸಾದಾ ಮಿಲ್ಲಿಂಗ್ ಯಂತ್ರಗಳಲ್ಲಿ ಜಾಬ್‌ವರ್ಕ್ ಮಾಡುತ್ತಿದ್ದೇನೆ. ಬ್ರೋಕರ್ ಒಬ್ಬರು 2011ರ ವಿಎಂಸಿ (ಕಂಪ್ಯೂಟರ್ ನಡೆಸುವ ಲಂಬ ಮಿಲ್ಲಿಂಗ್ ಯಂತ್ರ) ತೋರಿಸಿದ್ದಾರೆ. ಟೂಲ್ ಹಿಡಿದು ತಿರುಗುವ ಬಿಟಿ40 ಅಳತೆಯ ಸ್ಪಿಂಡಲ್, ಫ್ಯಾನಕ್ 0ಐ ಮೇಟ್-ಎಂಡಿ ಕಂಟ್ರೋಲರ್, ಬೆಲೆ ಎಂಟೂವರೆ ಲಕ್ಷ. ಹೊಸದಾಗಿ ಪೇಂಟ್ ಮಾಡಿದ್ದಾರೆ, ಓಡಿಸಿಯೂ ತೋರಿಸಿದರು, ಸದ್ದೇನೂ ಇಲ್ಲ. ನನ್ನ ಜಾಬ್‌ಗಳಿಗೆ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ನಿಖರತೆ ಸಿಕ್ಕರೆ ಸಾಕು. ಕೊಳ್ಳಬಹುದೇ?

ಉತ್ತರ: ಯಂತ್ರ ಓಡುತ್ತದೆ ಎಂಬುದನ್ನಷ್ಟೇ ನೀವು ಕಂಡಿದ್ದೀರಿ. ಅಡ್ವಾನ್ಸ್ ಕೊಡಬೇಡಿ. ಇನ್ನೊಮ್ಮೆ ಹೋಗಿ, ಅದೂ ಬೆಳಿಗ್ಗೆ, ಯಂತ್ರ ರಾತ್ರಿಯಿಡೀ ಆಫ್ ಆಗಿದ್ದು ತಣ್ಣಗಿರುವಾಗ. ಮುಂಚೆಯೇ ಆನ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಆ ದಿನ ವಾಪಸ್ ಬಂದು ಮತ್ತೊಂದು ದಿನ ಹೋಗಿ. ಜೊತೆಗೆ ಒಂದು ಮೈಕ್ರಾನ್ ಡಯಲ್, ಮ್ಯಾಗ್ನೆಟ್ ಸ್ಟ್ಯಾಂಡ್, ಬಿಟಿ40 ಟೆಸ್ಟ್ ಮ್ಯಾಂಡ್ರಿಲ್ (ಸ್ಪಿಂಡಲ್‌ನ ಓಟ ಅಳೆಯುವ ನಿಖರ ಸರಳು) ಇರಲಿ. ಮ್ಯಾಂಡ್ರಿಲ್ ಇಲ್ಲದಿದ್ದರೆ ಪರಿಚಯದ ಟೂಲ್‌ರೂಮ್‌ನಿಂದ ಒಂದು ದಿನದ ಮಟ್ಟಿಗೆ ತನ್ನಿ.

ಮೊದಲು ಕಂಟ್ರೋಲರ್‌ನಲ್ಲಿ ಪ್ಯಾರಾಮೀಟರ್ (ಯಂತ್ರದ ಹೊಂದಾಣಿಕೆಯ ಅಂಕಿ) 1851 ತೆಗೆಸಿ. ಅದು ಬ್ಯಾಕ್‌ಲ್ಯಾಶ್ ಕಾಂಪೆನ್ಸೇಷನ್. ಸ್ಲೈಡ್‌ಗಳನ್ನು ಸರಿಸುವ ಬಾಲ್ ಸ್ಕ್ರೂ ಸವೆದು ಆಟ (ಸಡಿಲ) ಬಂದಾಗ, ದಿಕ್ಕು ಬದಲಾಗುವ ಕ್ಷಣದಲ್ಲಿ ಕಂಟ್ರೋಲರ್ ಅಷ್ಟು ಮೈಕ್ರಾನ್ ಹೆಚ್ಚಿಗೆ ನೂಕಿ ಆ ಆಟವನ್ನು ಮುಚ್ಚುತ್ತದೆ. ಎಕ್ಸ್, ವೈ, ಝಡ್ ಮೂರಕ್ಕೂ ಬೇರೆ ಬೇರೆ ಅಂಕಿ ಇರುತ್ತದೆ. ಒಂದಂಕಿಯಲ್ಲೋ, ಹತ್ತು-ಹದಿನೈದರ ಆಸುಪಾಸಿನಲ್ಲೋ ಇದ್ದರೆ ನೆಮ್ಮದಿ. ಎಕ್ಸ್‌ನಲ್ಲಿ 70, 80 ಎಂದಿದ್ದರೆ ಆ ಸ್ಕ್ರೂ ತನ್ನ ಕಾಲ ಮುಗಿಸಿದೆ ಎಂದೇ ಲೆಕ್ಕ, ಯಂತ್ರ ಎಷ್ಟೇ ಸದ್ದಿಲ್ಲದೆ ಓಡಲಿ.

ಅಂಕಿ ಚಿಕ್ಕದಿದ್ದರೂ ಡಯಲ್ ಹಾಕದೆ ನಂಬಬೇಡಿ. ಮಾಲೀಕರ ಒಪ್ಪಿಗೆ ಪಡೆದು, ಹಳೇ ಅಂಕಿಗಳನ್ನು ಬರೆದಿಟ್ಟುಕೊಂಡು, 1851ನ್ನು ಸೊನ್ನೆ ಮಾಡಿಸಿ ಒಮ್ಮೆ ಹೋಮ್‌ಗೆ ಕಳಿಸಿ. ಸ್ಪಿಂಡಲ್‌ಗೆ ಸ್ಟ್ಯಾಂಡ್ ಕಚ್ಚಿಸಿ ಡಯಲ್‌ನ ಮೂತಿಯನ್ನು ಟೇಬಲ್ ಮೇಲಿಟ್ಟ ಬ್ಲಾಕ್‌ಗೆ ತಾಗಿಸಿ. ಹ್ಯಾಂಡ್‌ವೀಲನ್ನು 10 ಮೈಕ್ರಾನ್‌ಗೆ ಇಟ್ಟು ಒಂದೇ ದಿಕ್ಕಿಗೆ ಐದಾರು ಕ್ಲಿಕ್ ತಿರುಗಿಸಿದರೆ ಮುಳ್ಳು ಪ್ರತಿ ಕ್ಲಿಕ್‌ಗೂ ಹತ್ತತ್ತು ಓಡುತ್ತದೆ. ಈಗ 1 ಮೈಕ್ರಾನ್‌ಗೆ ಇಳಿಸಿ ಹಿಂದಕ್ಕೆ ತಿರುಗಿಸುತ್ತಾ ಬನ್ನಿ. ಮುಳ್ಳು ಅಲುಗುವ ಮುಂಚೆ ಎಷ್ಟು ಕ್ಲಿಕ್ ಖಾಲಿ ಹೋಯಿತೋ ಅದೇ ನಿಜವಾದ ಬ್ಯಾಕ್‌ಲ್ಯಾಶ್.

ಇದನ್ನು ಟೇಬಲ್‌ನ ಎಡತುದಿ, ನಡು, ಬಲತುದಿ ಮೂರೂ ಕಡೆ ಮಾಡಿ. ಹೆಚ್ಚಿನವರು ನಡುವಿನಲ್ಲಿ ಮಾತ್ರ ನೋಡಿ ಬಿಡುತ್ತಾರೆ, ಮೋಸ ಹೋಗುವುದೂ ಅಲ್ಲೇ. ವೈಸ್ ಕೂರುವುದು ಟೇಬಲ್ ಮಧ್ಯೆ, ಹತ್ತು ವರ್ಷದ ಕೆಲಸವೆಲ್ಲ ನಡೆದಿರುವುದೂ ಅಲ್ಲೇ, ಸ್ಕ್ರೂ ಸವೆದಿರುವುದೂ ಆ ಒಂದೂಕಾಲು ಅಡಿಯಲ್ಲೇ. ನಡುವೆ 60, ತುದಿಯಲ್ಲಿ 15 ಬಂದರೆ ಯಾವ ಅಂಕಿ ತುಂಬಿದರೂ ಅದು ಒಂದು ಕಡೆಗೆ ಸರಿಯಾಗಿ ಇನ್ನೊಂದು ಕಡೆಗೆ ತಪ್ಪುತ್ತದೆ. ಅಂಥ ಯಂತ್ರವನ್ನು ನಾನೇ ಒಮ್ಮೆ ಕೊಂಡು ತಂದೆ. ಮಾರಿದವರು ನಡುವಿನಲ್ಲಿ ಕರಾರುವಾಕ್ಕಾಗಿ ಹೊಂದಿಸಿ ತೋರಿಸಿದ್ದರು. ಶೆಡ್‌ಗೆ ತಂದು ಟೇಬಲ್‌ನ ಎರಡೂ ಬದಿಗೆ ಫಿಕ್ಸ್ಚರ್ ಕಟ್ಟಿ 60 ವ್ಯಾಸದ ಬೋರನ್ನು ಎಂಡ್‌ಮಿಲ್‌ನಲ್ಲಿ ಸುತ್ತು ಹಾಕಿಸಿದರೆ, ಒಳಗೋಡೆಯ ಮೇಲೆ ನಾಲ್ಕು ಕಡೆ ಉಗುರಿಗೆ ಸಿಗುವಂಥ ಗೆರೆ. ಗಡಿಯಾರದ ಹನ್ನೆರಡು, ಮೂರು, ಆರು, ಒಂಬತ್ತರ ಜಾಗದಲ್ಲಿ ಸರಿಯಾಗಿ. ದಿಕ್ಕು ಬದಲಾಗುವ ಕಡೆಯೆಲ್ಲ ಸ್ಲೈಡ್ ಜಿಗಿಯುತ್ತಿತ್ತು. ಎರಡು ತಿಂಗಳು ಜಾಬ್ ರಿಜೆಕ್ಟ್ ಆಗುತ್ತಲೇ ಇದ್ದವು. ಆ ಗೆರೆ ಇವತ್ತಿಗೂ ಬೆರಳ ತುದಿಯಲ್ಲಿದೆ.

ಇನ್ನು ಸ್ಪಿಂಡಲ್. ಎಮರ್ಜೆನ್ಸಿ ಒತ್ತಿ, ಟೇಪರ್ (ಟೂಲ್ ಕೂರುವ ಶಂಕುವಿನಾಕಾರದ ತೂತು) ಒರೆಸಿ, ಟಾರ್ಚ್ ಹಿಡಿದು ಒಳಗೆ ನೋಡಿ. ಬಾಯಿಯ ಹತ್ತಿರ ಕಂದು ಬಣ್ಣದ ಕಲೆ, ಗೀರು, ಬಡಿದ ಗುರುತು ಇದ್ದರೆ ಟೂಲ್ ಸಡಿಲವಾಗಿ ಕೂತು ಉಜ್ಜಾಡಿದೆ. ಟೂಲನ್ನು ಒಳಗೆಳೆದು ಹಿಡಿಯುವ ಡ್ರಾಬಾರ್‌ನ ಡಿಸ್ಕ್ ಸ್ಪ್ರಿಂಗ್‌ಗಳು ಮುರಿದಿದ್ದರೆ ಹೀಗಾಗುತ್ತದೆ. ಮ್ಯಾಂಡ್ರಿಲ್ ಹಾಕಿ ಕೈಯಲ್ಲಿ ತಿರುಗಿಸಿದರೆ ನೋಸ್ ಹತ್ತಿರ 5ರಿಂದ 10 ಮೈಕ್ರಾನ್, 300 ಮಿ.ಮೀ. ಕೆಳಗೆ 20ರೊಳಗೆ ಇರಬೇಕು. ಆಮೇಲೆ 4000 ಆರ್‌ಪಿಎಂನಲ್ಲಿ ಅರ್ಧ ಗಂಟೆ ಬಿಟ್ಟು, ನಿಲ್ಲಿಸಿ, ಸ್ಪಿಂಡಲ್ ಹೌಸಿಂಗ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್‌ಗೆ ಹೆಚ್ಚು ದಿನವಿಲ್ಲ.

ಪ್ಯಾರಾಮೀಟರ್ 6750ನ್ನೂ ನೋಡಿಬಿಡಿ. ಪವರ್ ಆನ್ ಆಗಿದ್ದ ಒಟ್ಟು ಕಾಲ ಅಲ್ಲಿ ನಿಮಿಷಗಳಲ್ಲಿರುತ್ತದೆ. 20 ಲಕ್ಷ ನಿಮಿಷ ಎಂದರೆ 33,000 ಗಂಟೆಗಳ ಮೇಲಾಯಿತು, ಅಂದರೆ ಎರಡು ಶಿಫ್ಟ್‌ನಂತೆ ಸುಮಾರು ಏಳು ವರ್ಷ. 'ಒಂದೇ ಶಿಫ್ಟ್, ಅದೂ ಅಪರೂಪಕ್ಕೆ' ಎಂದವರ ಮಾತಿಗೆ ಇದನ್ನು ಹೋಲಿಸಿ. ಮೆಮೊರಿ ಅಳಿಸಿ ಹೊಸದಾಗಿ ತುಂಬಿದ್ದರೆ ಈ ಅಂಕಿಯೂ ಬದಲಾಗಿರಬಹುದು, ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಕೊನೆಗೆ, ನಿಮ್ಮದೇ ಮೆಟೀರಿಯಲ್, ನಿಮ್ಮದೇ ಟೂಲ್, ನಿಮ್ಮದೇ ಪ್ರೋಗ್ರಾಂ ಕೊಂಡೊಯ್ದು ಹತ್ತು ಪೀಸ್ ಹೊಡೆಸಿ. ಪೀಸ್‌ಗಳ ಮೇಲೆ ಮಾರ್ಕರ್‌ನಲ್ಲಿ ನಂಬರ್ ಹಾಕಿ. ತಣ್ಣಗಿದ್ದಾಗ ಬಂದ ಮೊದಲ ಪೀಸಿಗೂ ಬಿಸಿಯಾದ ಮೇಲಿನ ಹತ್ತನೆಯದಕ್ಕೂ ಅಳತೆ ಎಷ್ಟು ಸರಿದಿದೆ ನೋಡಿ. 20 ಮೈಕ್ರಾನ್ ಟಾಲರೆನ್ಸ್‌ನಲ್ಲಿ 12ನ್ನು ಯಂತ್ರವೇ ತಿಂದುಬಿಟ್ಟರೆ ನಿಮ್ಮ ಸೆಟ್ಟರ್‌ಗೆ ಉಳಿಯುವುದು ಎಂಟೇ. ಇದಕ್ಕೆ ಒಪ್ಪದವರ ಹತ್ತಿರ ನಾನಾದರೆ ಕೊಳ್ಳುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೆ ಎಂಟೂವರೆಗೆ ಚೌಕಾಸಿ ಮಾಡಿ ತನ್ನಿ. ಎಕ್ಸ್ ಸ್ಕ್ರೂ ಒಂದೇ ಹೋಗಿದ್ದರೆ, ಸ್ಕ್ರೂ, ಸಪೋರ್ಟ್ ಬೇರಿಂಗ್, ಫಿಟ್ಟಿಂಗ್ ಕೂಲಿ ಸೇರಿಸಿ ಕೊಟೇಷನ್ ತರಿಸಿ, ಆ ಹಾಳೆಯನ್ನೇ ಮುಂದಿಟ್ಟುಕೊಂಡು ಬೆಲೆ ಇಳಿಸಿ. ಸ್ಕ್ರೂ, ಸ್ಪಿಂಡಲ್ ಎರಡೂ ಹೋಗಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮ ಯೂನಿಟ್ ಇದೆ, ಹೈಡ್ರಾಲಿಕ್ ಬಿಡಿಭಾಗಗಳ ಟರ್ನಿಂಗ್. ತೊಂಬತ್ತರ ದಶಕದ ಸಿಎನ್‌ಸಿ ಲೇತ್ ಒಂದು ಗುಜರಿಗಿಂತ ಸ್ವಲ್ಪ ಮೇಲಿನ ದರಕ್ಕೆ ಸಿಗುತ್ತಿದೆ. ಕಂಟ್ರೋಲರ್ ಫ್ಯಾನಕ್ 0-ಟಿ, ಸತ್ತುಹೋಗಿದೆ. ಹೊಸ ಕಂಟ್ರೋಲರ್ ಹಾಕಿ ರೆಟ್ರೋಫಿಟ್ ಮಾಡಿಸಿದರೆ ಲಾಭವೇ?

ಉತ್ತರ: ಬೆಡ್, ಅಂದರೆ ಲೇತ್‌ನ ತಳದ ಎರಕದ ಮೇಲೆ ನಿಂತಿದೆ ಇದಕ್ಕೆ ಉತ್ತರ. ಆ ಕಾಲದ ಲೇತ್‌ಗಳಲ್ಲಿ ಅನೇಕಕ್ಕೆ ಬಾಕ್ಸ್ ವೇ ಇತ್ತು, ದಪ್ಪ ಕಾಸ್ಟಿಂಗ್, ಹಾರ್ಡನ್ ಮಾಡಿ ಗ್ರೈಂಡ್ ಮಾಡಿದ ದಾರಿ. ಹೆವಿ ಕಟ್ ತೆಗೆದುಕೊಂಡರೂ ಅದುರುವುದಿಲ್ಲ. ಹೈಡ್ರಾಲಿಕ್ ಬ್ಲಾಕ್, ಪಿಸ್ಟನ್, ಗ್ಲ್ಯಾಂಡ್ ತಿರುಗಿಸುವ ನಿಮ್ಮಂಥವರಿಗೆ ಅದು ದೊಡ್ಡ ಆಸ್ತಿ.

ಕವರ್ ಬಿಚ್ಚಿಸಿ ಚಕ್ ಹತ್ತಿರದ ಒಂದು ಅಡಿ ಬೆಡ್ ಮೇಲೆ ಉಗುರು ಎಳೆಯಿರಿ. ಮೆಟ್ಟಿಲು ಸಿಕ್ಕರೆ ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸಬೇಕು, ಸ್ಯಾಡಲ್ (ಬೆಡ್ ಮೇಲೆ ಜಾರುವ ಭಾಗ) ಅಡಿಗೆ ಟರ್ಸೈಟ್ (ಸಲೀಸಾಗಿ ಜಾರಲು ಅಂಟಿಸುವ ಪ್ಲಾಸ್ಟಿಕ್ ಹಾಳೆ) ಹಾಕಿಸಿ ಸ್ಕ್ರೇಪ್ ಮಾಡಿಸಬೇಕು. ಒಳ್ಳೆಯ ಸ್ಕ್ರೇಪಿಂಗ್ ಕೈಗಳು ಈಗ ಅಪರೂಪ. ಎಚ್‌ಎಂಟಿ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೇಲೆ ಅಲ್ಲಿ ಪಳಗಿ ಹೊರಬಂದ ಎಷ್ಟೋ ಫಿಟ್ಟರ್‌ಗಳು ಈ ಕೆಲಸವನ್ನು ಸಣ್ಣ ಶೆಡ್‌ಗಳಲ್ಲಿ ಉಳಿಸಿಕೊಂಡು ಬಂದರು. ಅವರೆಲ್ಲ ಈಗ ವಯಸ್ಸಾದವರು. ಅಂಥವರೊಬ್ಬರು ನಿಮ್ಮ ಕಡೆ ಇದ್ದರೆ ಕೊಳ್ಳುವ ಮುಂಚೆ ಕರೆದುಕೊಂಡು ಹೋಗಿ ಬೆಡ್ ತೋರಿಸಿ. ಅವರು ಕೈ ಆಡಿಸಿ ಹೇಳುವುದನ್ನು ನಾನು ಇಲ್ಲಿ ಕೂತು ಬರೆಯಲಾರೆ.

ಕಂಟ್ರೋಲರ್ ಸತ್ತಿರುವುದರಿಂದ ಟೆಸ್ಟ್ ಕಟ್ ಆಗದು. ಆದರೆ ಚಕ್ಕಿನಲ್ಲಿ ಟೆಸ್ಟ್ ಬಾರ್ ಹಿಡಿಸಿ, ಝಡ್ ಸ್ಕ್ರೂವನ್ನು ಕೈಯಿಂದ ತಿರುಗಿಸುತ್ತಾ ಟೂಲ್‌ಗಳನ್ನು ಹೊತ್ತ ಟರೆಟ್ ಮೇಲಿನ ಡಯಲನ್ನು 150 ಮಿ.ಮೀ. ಓಡಿಸಬಹುದು. ಬಾರನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಓಡಿಸಿ ಸರಾಸರಿ ತೆಗೆದರೆ, ಬಾರಿನ ಓಟದ ದೋಷ ಕಳೆದು ಹೆಡ್‌ಸ್ಟಾಕ್ ನೇರವಿದೆಯೇ ಎಂಬುದು ತಿಳಿಯುತ್ತದೆ. ಯಾವತ್ತೋ ಟರೆಟ್ ಚಕ್‌ಗೆ ಗುದ್ದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಬೆಡ್ ಗಟ್ಟಿ, ಸ್ಪಿಂಡಲ್ ಗಟ್ಟಿ ಎಂದಾದರೆ ರೆಟ್ರೋಫಿಟ್‌ಗೆ ಧೈರ್ಯ ಮಾಡಿ. ಕಂಟ್ರೋಲರ್ ಮಾತ್ರ ಹೊಸದು, ಹಳೇ ಮೋಟಾರ್, ಡ್ರೈವ್ ಹಾಗೇ ಉಳಿಸಿಕೊಳ್ಳೋಣ ಎಂಬ ಅಗ್ಗದ ಕೊಟೇಷನ್‌ಗೆ ಒಪ್ಪಬೇಡಿ. 0 ಸರಣಿಯ ಕಾಲದ ಡ್ರೈವ್‌ಗೆ ಮುಂದೆ ಬೋರ್ಡ್ ಸಿಗದೆ ಯಂತ್ರ ಮತ್ತೆ ನಿಲ್ಲುತ್ತದೆ. ಮೋಟಾರ್, ಡ್ರೈವ್, ವೈರಿಂಗ್, ಎಲೆಕ್ಟ್ರಿಕಲ್ ಕ್ಯಾಬಿನೆಟ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಅದು ಸುಸ್ಥಿತಿಯ ಹತ್ತು ವರ್ಷದ ಲೇತ್‌ನ ಬೆಲೆ ಮುಟ್ಟಿದರೆ ಆ ಲೇತನ್ನೇ ತನ್ನಿ.

ಪ್ರಶ್ನೆ: ಪುಣೆಯ ಪಾರ್ಟಿಯೊಬ್ಬರಿಂದ ಯಂತ್ರ ಕೊಳ್ಳುತ್ತಿದ್ದೇನೆ. ಬಿಲ್ ಇಲ್ಲದೆ ನಗದು ಕೊಟ್ಟರೆ 18 ಪರ್ಸೆಂಟ್ ಉಳಿಯುತ್ತದೆ ಎನ್ನುತ್ತಾರೆ. ಕಾಗದಪತ್ರ ಏನೇನು ನೋಡಲಿ?

ಉತ್ತರ: ಬಿಲ್ ಇಲ್ಲದೆ ಬೇಡ. ನೀವು ಜಿಎಸ್‌ಟಿಯಲ್ಲಿ ರೆಗ್ಯುಲರ್ ಆಗಿ ನೋಂದಾಯಿಸಿದ್ದರೆ ಟ್ಯಾಕ್ಸ್ ಇನ್ವಾಯ್ಸ್‌ನಲ್ಲಿ ಕಟ್ಟಿದ 18 ಪರ್ಸೆಂಟನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯುತ್ತೀರಿ, ಉಳಿತಾಯವೆಂದು ಅವರು ತೋರಿಸುತ್ತಿರುವ ದುಡ್ಡು ಹೇಗೂ ನಿಮಗೇ ಬರುತ್ತದೆ. ಹಳೇ ಸಾಮಾನಿನ ಡೀಲರ್ ಮಾರ್ಜಿನ್ ಸ್ಕೀಮ್‌ನಲ್ಲಿ (ತನ್ನ ಲಾಭದ ಮೇಲಷ್ಟೇ ತೆರಿಗೆ ಕಟ್ಟುವ ಪದ್ಧತಿ) ಮಾರಿದರೆ ಈ ಕ್ರೆಡಿಟ್ ಸಿಗದಿರಬಹುದು, ಮೊದಲೇ ಕೇಳಿ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. ಬಿಲ್ಲೇ ಇಲ್ಲದೆ ಪುಣೆಯಿಂದ ನಾಲ್ಕೈದು ಟನ್ ತೂಕದ ಯಂತ್ರ ಹೊತ್ತ ಲಾರಿಯನ್ನು ಚೆಕಿಂಗ್‌ನಲ್ಲಿ ತಡೆದರೆ ದಂಡ ನಿಮ್ಮ ತಲೆಗೆ.

ನನಗೆ ಹೆಚ್ಚು ಭಯ ಇರುವುದು ಸಾಲದ ಬಗ್ಗೆ. ಬ್ಯಾಂಕಿಗೆ ಹೈಪಾಥಿಕೇಟ್ ಆದ (ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟ) ಯಂತ್ರವನ್ನು ಕೊಂಡರೆ, ಪೂರ್ತಿ ಹಣ ಕೊಟ್ಟಿದ್ದರೂ ಬ್ಯಾಂಕ್ ಬಂದು ಕೈಯಿಡಬಹುದು. ಮಾರುವವರು ಕಂಪನಿಯಾಗಿದ್ದರೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ಚಾರ್ಜ್‌ಗಳ ಪಟ್ಟಿ ನೋಡಿ. ಯಾರೇ ಆಗಿರಲಿ, ಆಧಾರ ಕೊಟ್ಟ ಸಾಲಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್‌ನಲ್ಲಿ ಹುಡುಕಿಸಿ, ಬ್ಯಾಂಕಿನ ಎನ್‌ಒಸಿಯಲ್ಲಿ ಯಂತ್ರದ ಸೀರಿಯಲ್ ನಂಬರ್ ಇದೆಯೇ, ಅದು ಯಂತ್ರದ ಪ್ಲೇಟ್‌ಗೆ ತಾಳೆಯಾಗುತ್ತದೆಯೇ ನೋಡಿ. ಜಪಾನ್, ತೈವಾನ್ ಯಂತ್ರವಾದರೆ ರಫ್ತಿನ ಷರತ್ತಿರುವ ಇಪಿಸಿಜಿ ಯೋಜನೆಯ ಅಡಿ ಸುಂಕ ವಿನಾಯಿತಿಯಲ್ಲಿ ಬಂದದ್ದೇ ಎಂದು ಕೇಳಿ. ಅಂಥದ್ದು ರಫ್ತಿನ ಬಾಧ್ಯತೆ ಮುಗಿಯದೆ ಮಾರುವ ಹಾಗಿಲ್ಲ.

ಪ್ರಶ್ನೆ: ಶಿವಮೊಗ್ಗದ ಮಾಚೇನಹಳ್ಳಿಯಲ್ಲಿದ್ದೇನೆ. ಕೊಯಮತ್ತೂರಿನಲ್ಲಿ ಯಂತ್ರ ನೋಡಿ ಒಪ್ಪಿ ದುಡ್ಡೂ ಕೊಟ್ಟಾಯಿತು. ನಮ್ಮ ಶೆಡ್ ರೆಡಿಯಾಗಲು ಇನ್ನೂ ನಾಲ್ಕು ತಿಂಗಳು. ಅಲ್ಲಿಯವರೆಗೆ ಅಲ್ಲೇ ಇರಲಿ ಎನ್ನುತ್ತಾರೆ. ಏನಾದರೂ ತೊಂದರೆಯೇ?

ಉತ್ತರ: ಇದೆ, ಈ ವಾರವೇ ಒಬ್ಬರನ್ನು ಅಲ್ಲಿಗೆ ಕಳಿಸಿ. ಕಂಟ್ರೋಲರ್‌ನ ಪ್ಯಾರಾಮೀಟರ್‌ಗಳೆಲ್ಲ ಬದುಕಿರುವುದು ಒಂದು ಸಣ್ಣ 3 ವೋಲ್ಟ್ ಲಿಥಿಯಂ ಬ್ಯಾಟರಿಯ ಮೇಲೆ. ಅಬ್ಸೊಲ್ಯೂಟ್ ಎನ್‌ಕೋಡರ್ (ಆಫ್ ಆದರೂ ಸ್ಲೈಡ್‌ನ ಸ್ಥಾನ ನೆನಪಿಡುವ ಸಾಧನ) ಇದ್ದರೆ ಅದಕ್ಕೆ ಬೇರೆ ಬ್ಯಾಟರಿ, ಹಲವು ಯಂತ್ರಗಳಲ್ಲಿ ನಾಲ್ಕು ದಪ್ಪ ಟಾರ್ಚ್ ಸೆಲ್ಲು. ಮೇನ್ ಆಫ್ ಆಗಿ ನಾಲ್ಕು ತಿಂಗಳು ನಿಂತ ಯಂತ್ರದಲ್ಲಿ ಹಳೇ ಬ್ಯಾಟರಿ ಸತ್ತರೆ, ನೀವು ದುಡ್ಡು ಕೊಟ್ಟ ಯಂತ್ರದ ಬುದ್ಧಿಯೆಲ್ಲ ಖಾಲಿ. ಒಮ್ಮೆ ಹೀಗೆ ಖಾಲಿಯಾದ ಒಂದು ಯಂತ್ರಕ್ಕೆ, ತಯಾರಕರ ಡೇಟಾ ಶೀಟೂ ಸಿಗದೆ, ನಾನು ಹನ್ನೊಂದು ದಿನ ಕೂತು ಪ್ಯಾರಾಮೀಟರ್ ತುಂಬಿದ್ದೇನೆ.

ಯಂತ್ರ ಆನ್ ಇದ್ದಾಗಲೇ ಎರಡೂ ಬ್ಯಾಟರಿ ಹೊಸದು ಹಾಕಿಸಿ. ಬಳಿಕ ಆಫ್ ಮಾಡಿ, ಸ್ಕ್ರೀನ್ ಕೆಳಗಿನ ಬಲತುದಿಯ ಎರಡು ಸಾಫ್ಟ್ ಕೀ ಒತ್ತಿಹಿಡಿದು ಆನ್ ಮಾಡಿದರೆ ಫ್ಯಾನಕ್‌ನ ಬೂಟ್ ಮೆನು ಬರುತ್ತದೆ. ಅಲ್ಲಿಂದ ಎಸ್‌ರ‍್ಯಾಮ್ (ಬ್ಯಾಟರಿಯ ಮೇಲೆ ಬದುಕುವ ಮೆಮೊರಿ) ಪೂರ್ತಿ ಬ್ಯಾಕಪ್ ತೆಗೆದು ಮೆಮೊರಿ ಕಾರ್ಡ್‌ಗೆ ಹಾಕಿ, ಪಿಎಂಸಿ ಲ್ಯಾಡರನ್ನೂ (ಯಂತ್ರದ ಸ್ವಿಚ್, ವಾಲ್ವ್‌ಗಳನ್ನು ನಡೆಸುವ ಪ್ರೋಗ್ರಾಂ) ಸೇವ್ ಮಾಡಿ. ಎರಡು ಪ್ರತಿ ಮಾಡಿ ಒಂದನ್ನು ಮನೆಯಲ್ಲಿಡಿ.

ಲಾರಿಗೆ ಹತ್ತಿಸುವಾಗ ಝಡ್ ಹೆಡ್ ಕೆಳಗೆ ಗಟ್ಟಿ ಮರದ ಬ್ಲಾಕ್ ಕೊಟ್ಟು ಹೆಡ್ಡನ್ನು ಅದರ ಮೇಲೆ ಮೆಲ್ಲಗೆ ಕೂರಿಸಿ, ಟೇಬಲ್ ಮತ್ತು ಸ್ಯಾಡಲ್‌ಗೆ ಲಾಕಿಂಗ್ ಪಟ್ಟಿ ಹಾಕಿಸಿ. ಬ್ರೇಕ್ ನಂಬಿಕೊಂಡು ಹಾಗೇ ತಂದರೆ ದಾರಿಯ ಗುಂಡಿಯೊಂದೊಂದರ ಪೆಟ್ಟೂ ಬಾಲ್ ಸ್ಕ್ರೂ ಮೇಲೇ ಬೀಳುತ್ತದೆ. ನಿಮ್ಮ ಶೆಡ್‌ನ ಬಾಗಿಲ ಎತ್ತರ ಅಳೆದಿದ್ದೀರಾ? ಕಾಲಂ ಮೇಲಿನ ಝಡ್ ಮೋಟಾರ್ ಸೇರಿಸಿ ಅಳೆಯಿರಿ.

ಈ ನಾಲ್ಕು ತಿಂಗಳಲ್ಲಿ ಮಂಜೂರಾದ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ, ಯಂತ್ರಕ್ಕೇ ಪ್ರತ್ಯೇಕ ಅರ್ಥ್ ಪಿಟ್ ತೆಗೆಸಿ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು-ಮೂರು ವೋಲ್ಟ್ ದಾಟಿದರೆ ಯಂತ್ರ ಆನ್ ಮಾಡಬೇಡಿ. ಮೀಟರಿಗೆ 0.02 ಮಿ.ಮೀ. ತೋರಿಸುವ ಸ್ಪಿರಿಟ್ ಲೆವೆಲ್‌ನಲ್ಲಿ ಲೆವೆಲ್ ಮಾಡಿಸಿ. ಹೊಸ ಕಾಂಕ್ರೀಟ್ ಮೇಲೆ ಯಂತ್ರ ಕೂತು ಇಳಿಯುವುದು ಸಹಜ, ಆದ್ದರಿಂದ ಮೂರು ವಾರ ಓಡಿಸಿದ ಮೇಲೆ ಅದೇ ಲೆವೆಲ್ ತಂದು ಇನ್ನೊಮ್ಮೆ ನೋಡಿ, ಆಮೇಲೆಯೇ ಬೋರಿಂಗ್ ಜಾಬ್ ಹಿಡಿಯಿರಿ.